ಗ್ಲಾಡಿಯೇಟರ್‌ಗೆ ಪೆಟ್ರೋಲೋ ಡೀಸೆಲ್ಲೋ: ಎರಡನ್ನೂ ಓಡಿಸಿ ನೋಡಿದ ಮೇಲೆ

ಜೀಪ್ ಗ್ಲಾಡಿಯೇಟರ್ ಪಿಕಪ್ ಕೊಳ್ಳಬೇಕೆಂದು ಹೊರಟವರು ಮೊದಲು ನೋಡುವುದು ಹಾರ್ಸ್‌ಪವರ್. 3.6 ಲೀಟರ್ ಪೆಟ್ರೋಲ್ ವಿ6ಗೆ 285, 3.0 ಲೀಟರ್ ಡೀಸೆಲ್ ವಿ6ಗೆ 260. ಅಲ್ಲಿಗೆ ಪೆಟ್ರೋಲೇ ಸರಿ ಎಂದು ತೀರ್ಮಾನಿಸಿಬಿಡುತ್ತಾರೆ. ಆದರೆ ಕಲ್ಲುಬಂಡೆಯ ಹಾದಿಯಲ್ಲಿ ಈ ಅಂಕಿ ಹೆಚ್ಚೇನೂ ಹೇಳುವುದಿಲ್ಲ. ಟಾರ್ಕ್ (ತಿರುಗಿಸುವ ಬಲ) ಎಷ್ಟು, ಅದು ಎಷ್ಟು ಆರ್‌ಪಿಎಂಗೆ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳು) ಸಿಗುತ್ತದೆ ಎಂಬುದೇ ಅಲ್ಲಿ ಮುಖ್ಯ. ಪೆಟ್ರೋಲ್‌ನಲ್ಲಿ 4,400 ಆರ್‌ಪಿಎಂಗೆ 260 ಪೌಂಡ್-ಫೀಟ್. ಡೀಸೆಲ್‌ನಲ್ಲಿ ಬರೀ 1,400ಕ್ಕೇ 442.

ನನ್ನದು ಪೆಟ್ರೋಲ್ ರೂಬಿಕಾನ್ (ಗ್ಲಾಡಿಯೇಟರ್‌ನಲ್ಲೇ ಕಾಡುಹಾದಿಗೆಂದು ಸಜ್ಜಾದ ಮಾದರಿ), ಮ್ಯಾನ್ಯುವಲ್ ಗೇರ್. ನನ್ನ ಗೆಳೆಯನದು ಡೀಸೆಲ್ ರೂಬಿಕಾನ್. ಡೀಸೆಲ್‌ಗೆ ಆಟೋಮ್ಯಾಟಿಕ್ ಬಿಟ್ಟು ಬೇರೆ ಗೇರ್‌ಬಾಕ್ಸ್ ಕೊಡಲೇ ಇಲ್ಲ. ಒಟ್ಟಿಗೆ ಹೋದಾಗಲೆಲ್ಲ ಕೀಲಿ ಅದಲುಬದಲು ಮಾಡಿಕೊಳ್ಳುತ್ತೇವೆ.

ಯೂಟಾದ ಮೋಆಬ್‌ನಲ್ಲಿ ಮೊಣಕಾಲೆತ್ತರದ ಬಂಡೆ ಮೆಟ್ಟಿಲಿಗೆ ಮುಂದಿನ ಟೈರ್ ತಾಗಿಸಿ ನಿಲ್ಲಿಸಿದರೆ ವ್ಯತ್ಯಾಸ ಕಾಲಿಗೇ ತಿಳಿಯುತ್ತದೆ. ಪೆಟ್ರೋಲ್ ಗಾಡಿ ಏರಬೇಕಾದರೆ ಆಕ್ಸಿಲರೇಟರ್ ಒತ್ತಿ ಎಂಜಿನ್ ಕೂಗಿಸಬೇಕು. ಟೈರ್ ಅಂಚು ದಾಟಿದ್ದೇ ತಡ, ಆ ವೇಗಕ್ಕೆ ಗಾಡಿ ಮುಂದಕ್ಕೆ ಜಿಗಿಯುತ್ತದೆ, ತಕ್ಷಣ ಬ್ರೇಕ್ ಹಿಡಿಯಬೇಕು. ಡೀಸೆಲ್‌ನಲ್ಲಿ ಕಾಲನ್ನು ಸುಮ್ಮನೆ ಇಟ್ಟರೆ ಸಾಕು, ಆರ್‌ಪಿಎಂ ಮುಳ್ಳು ಅಷ್ಟಾಗಿ ಅಲುಗಾಡದೆಯೇ ಟೈರ್ ಬಂಡೆಯ ಮೇಲೆ ಕೂತಿರುತ್ತದೆ.

ಇಳಿಜಾರಿನಲ್ಲಿ ಮಾತ್ರ ಲೆಕ್ಕ ತಿರುಗುತ್ತದೆ. ನನ್ನ ಮ್ಯಾನ್ಯುವಲ್‌ನ ಕ್ರಾಲ್ ರೇಷಿಯೊ 84:1ರ ಸುಮಾರು, ಅಂದರೆ ಅತಿ ನಿಧಾನದ ಗೇರಿನಲ್ಲಿ ಚಕ್ರ ಒಂದು ಸುತ್ತು ಸುತ್ತಲು ಎಂಜಿನ್ 84 ಸುತ್ತು ಸುತ್ತಬೇಕು. ಡೀಸೆಲ್‌ನ ಆಟೋಮ್ಯಾಟಿಕ್‌ಗೆ ಫಸ್ಟ್ ಗೇರಿನ ಅನುಪಾತವೂ ಕಡಿಮೆ, ಆಕ್ಸಲ್ ರೇಷಿಯೊ (ಚಕ್ರದ ಅಚ್ಚಿನ ಗೇರ್ ಅನುಪಾತ) ಕೂಡ 4.10ರ ಬದಲು 3.73, ಹಾಗಾಗಿ 70:1ರ ಹತ್ತಿರ ನಿಲ್ಲುತ್ತದೆ. ಕಡಿದಾದ ಬಂಡೆ ಇಳಿಯುವಾಗ ಲೋ ರೇಂಜ್ ಫಸ್ಟ್ ಗೇರಿನಲ್ಲಿ ನನ್ನ ಗಾಡಿ ಬ್ರೇಕ್ ಮುಟ್ಟದೆ ನಡೆಯುತ್ತದೆ. ಗೆಳೆಯ ಇದನ್ನು ಒಪ್ಪುವುದಿಲ್ಲ, ಒಪ್ಪದಿದ್ದರೆ ಬಿಡಲಿ.

ಎತ್ತರದ ವಿಷಯಕ್ಕೆ ಬಂದರೆ ವಾದಕ್ಕೇ ಜಾಗವಿಲ್ಲ. ಕೊಲರಾಡೊದ ಇಮೋಜೀನ್ ಪಾಸ್ 13,114 ಅಡಿಯಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಮೂರನೇ ಒಂದು ಭಾಗದಷ್ಟು ಕಡಿಮೆ. ನನ್ನ ಪೆಟ್ರೋಲ್‌ನಂತೆ ಟರ್ಬೊ (ಗಾಳಿ ಒತ್ತಿ ತುಂಬುವ ಪಂಪ್) ಇಲ್ಲದ ಎಂಜಿನ್ ಎಳೆದುಕೊಳ್ಳುವ ಗಾಳಿಯೂ ಅಷ್ಟೇ ಕಡಿಮೆ, ಶಕ್ತಿಯೂ ಅಷ್ಟೇ ಇಳಿಯುತ್ತದೆ: ಕಾಗದದ ಮೇಲಿನ 285ರಲ್ಲಿ 190ರಷ್ಟು ಉಳಿದರೆ ಹೆಚ್ಚು. ಮೇಲಿನ ತಿರುವುಗಳಲ್ಲಿ ನನ್ನ ಪೆಟ್ರೋಲ್ ಗಾಡಿ ಏದುಸಿರು ಬಿಡುವಾಗ ಡೀಸೆಲ್‌ನ ಟರ್ಬೊ ತೆಳು ಗಾಳಿಯನ್ನೇ ಒತ್ತಿ ತುಂಬುತ್ತದೆ. ಅದಕ್ಕೂ ಕುಂದುಂಟಾದರೂ ಚಾಲಕನಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ.

ಮರಳಿನಲ್ಲಿ ಪೆಟ್ರೋಲೇ ನನಗೆ ಇಷ್ಟ. ದಿಬ್ಬ ಏರುವಾಗ ಬೇಕಾದದ್ದು ಚಕ್ರದ ವೇಗ. ಪೆಟ್ರೋಲ್ ಎಂಜಿನ್ 6,400ರವರೆಗೂ ಶಕ್ತಿ ಏರಿಸುತ್ತ ಹೋಗುತ್ತದೆ, ಡೀಸೆಲ್‌ನ ಶಕ್ತಿ 3,600ಕ್ಕೇ ತುತ್ತತುದಿ ಮುಟ್ಟುತ್ತದೆ. ಜೊತೆಗೆ ಡೀಸೆಲ್ ಎಂಜಿನ್‌ನ ಹೆಚ್ಚುವರಿ ತೂಕವೆಲ್ಲ ಮುಂಭಾಗದಲ್ಲೇ ಇದೆ, ಸಡಿಲ ಮರಳಿನಲ್ಲಿ ಮೂಗು ಬೇಗ ಹೂತುಕೊಳ್ಳುತ್ತದೆ.

ಟ್ರೇಲರ್ ಎಳೆಯುವವರಿಗೆ ಒಂದು ಅಚ್ಚರಿ: ಇಷ್ಟೆಲ್ಲ ಟಾರ್ಕ್ ಇದ್ದರೂ ಡೀಸೆಲ್‌ಗೆ ಕೊಟ್ಟಿರುವ ಗರಿಷ್ಠ ಮಿತಿ 6,500 ಪೌಂಡ್, ಭಾರ ಎಳೆಯಲೆಂದೇ ಸಜ್ಜಾದ ಮ್ಯಾಕ್ಸ್ ಟೋ ಪ್ಯಾಕೇಜ್‌ನ ಪೆಟ್ರೋಲ್‌ಗೆ 7,600ಕ್ಕೂ ಹೆಚ್ಚು. ಮೈಲೇಜ್‌ನಲ್ಲಿ ಡೀಸೆಲ್ ಮುಂದು, ಪಂಪ್‌ಗಳು ದೂರ ದೂರ ಇರುವ ಕಡೆ ಇದು ಸಣ್ಣ ವಿಷಯವಲ್ಲ.

ಡೀಸೆಲ್‌ನ ಖರ್ಚು, ಕಿರಿಕಿರಿ ಎಲ್ಲ ಸೈಲೆನ್ಸರ್ ಕಡೆ ಇದೆ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಆಗಾಗ ತಾನೇ ಕಾದು ಮಸಿಯನ್ನು ಸುಟ್ಟುಕೊಳ್ಳಬೇಕು. ಅದಕ್ಕೆ ಹೈವೇಯಲ್ಲಿ ಬಿಡುವಿಲ್ಲದೆ ಓಡುವುದೇ ಅನುಕೂಲ. ದಿನವಿಡೀ ಬಂಡೆ ಹತ್ತಿಸಿ, ವಾರವಿಡೀ ಆಫೀಸಿಗೆ ನಾಲ್ಕು ಮೈಲಿ ಓಡಿಸಿದರೆ ಫಿಲ್ಟರ್ ಕಟ್ಟಿಕೊಳ್ಳುವುದೇ ಸರಿ. ಡಿಇಎಫ್ ಎಂಬ ಯೂರಿಯಾ ದ್ರಾವಣವನ್ನೂ ತುಂಬಿಸುತ್ತಿರಬೇಕು; ಅದು ಮೈನಸ್ 11 ಡಿಗ್ರಿ ಸೆಲ್ಸಿಯಸ್‌ಗೆ ಹೆಪ್ಪುಗಟ್ಟುತ್ತದೆ.

ನನ್ನ ಓಡಾಟ ಹೆಚ್ಚಾಗಿ ಗಿಡ್ಡ ದೂರದ್ದು, ಹಾಗಾಗಿ ಪೆಟ್ರೋಲ್ ಬಿಡುವ ಯೋಚನೆ ಇಲ್ಲ. ಬೆಟ್ಟದ ಮೇಲೇ ವಾಸವಿದ್ದು ದೂರದೂರ ತಿರುಗುವವರಿಗೆ ಡೀಸೆಲ್ ಎಂದೇ ಹೇಳುತ್ತೇನೆ. ಗ್ಲಾಡಿಯೇಟರ್ ಡೀಸೆಲ್ 2023ರ ಮಾಡೆಲ್‌ಗೆ, ಮ್ಯಾನ್ಯುವಲ್ ಗೇರ್ 2024ಕ್ಕೆ ನಿಂತಿವೆ, ಆದ್ದರಿಂದ ಈ ಎರಡರಲ್ಲಿ ಯಾವುದು ಬೇಕಿದ್ದರೂ ಹುಡುಕಬೇಕಾದದ್ದು ಹೆಚ್ಚಾಗಿ ಸೆಕೆಂಡ್‌ಹ್ಯಾಂಡ್‌ನಲ್ಲೇ. ಡೀಸೆಲ್ ನೋಡಲು ಹೋದರೆ ಗಾಡಿಯ ಕೆಳಗೆ ಇಣುಕಿ ಡಿಪಿಎಫ್ ಜಾಗದಲ್ಲೇ ಇದೆಯೇ ನೋಡಿ. ಕಿತ್ತುಹಾಕಿದ್ದರೆ ಅದು ಅಮೆರಿಕದ ಕ್ಲೀನ್ ಏರ್ ಆಕ್ಟ್ ಪ್ರಕಾರ ಕಾನೂನುಬಾಹಿರ. ಮಾರುವವನು ಎಷ್ಟೇ ಬೆಲೆ ಇಳಿಸಿದರೂ ಬೇಡ.