ಪ್ಲಾಸ್ಟಿಕ್ ಮರ, ಸರ್ವೆ ಕೊಂಬೆ, ಕುಂಡದ ಗಿಡ: ಕ್ರಿಸ್‌ಮಸ್‌ಗೆ ಯಾವುದು?

ನವೆಂಬರ್ ಮುಗಿಯುತ್ತಾ ಬಂದರೆ ಚರ್ಚಿನ ಅಂಗಳದಲ್ಲಿ, ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಅದೇ ಮಾತು. ಈ ಸಲ ಮರ ಯಾವುದು? ನಿಜವಾದದ್ದೋ, ಪ್ಲಾಸ್ಟಿಕ್ಕಿನದೋ? ನಾನು ಮೂರು ಬಗೆಯನ್ನು ಮನೆಯಲ್ಲಿಟ್ಟು ನೋಡಿದ್ದೇನೆ: ಪ್ಲಾಸ್ಟಿಕ್ ಮರ, ಸರ್ವೆ ಮರದ ಕೊಂಬೆ, ಕುಂಡದಲ್ಲಿ ಬೆಳೆದ ಅರೌಕೇರಿಯಾ. ಬೆಂಗಳೂರಿನ ನಮ್ಮ ಫ್ಲಾಟಿನಲ್ಲೂ ಇಟ್ಟಿದ್ದೇನೆ, ಉಡುಪಿ ಕಡೆಯ ಅಮ್ಮನ ಮನೆಯಲ್ಲೂ ಇಟ್ಟಿದ್ದೇನೆ. ಡಿಸೆಂಬರ್ 24ರ ರಾತ್ರಿ ಮೂರೂ ಚಂದವೇ. ಲೈಟ್ ಹಾಕಿದ ಮೇಲೆ ಯಾವ ಮರ ತಾನೇ ಚಂದ ಕಾಣುವುದಿಲ್ಲ? ಹಾಗಾಗಿ ಆ ರಾತ್ರಿ ನೋಡಿ ಆರಿಸಬೇಡಿ. ಮುಂದಿನ ಜುಲೈ ತಿಂಗಳಲ್ಲಿ ಈ ಮರ ಎಲ್ಲಿರುತ್ತದೆ, ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿಕೊಳ್ಳಿ. ನನ್ನ ಮಟ್ಟಿಗೆ ಎಲ್ಲ ತೀರ್ಮಾನವೂ ಅಲ್ಲೇ ಆಗುತ್ತದೆ.

ಇಂಟರ್ನೆಟ್ಟಿನಲ್ಲಿ ಸಿಗುವ ಹೋಲಿಕೆಗಳು ಹೆಚ್ಚಾಗಿ ಅಮೆರಿಕ, ಇಂಗ್ಲೆಂಡಿನವು. ಅಲ್ಲಿ ನಿಜವಾದ ಮರ ಅಂದರೆ ಫರ್, ಚಳಿ ಊರಿನ ಸೂಜಿ ಎಲೆಯ ಮರ. ನನ್ನ ತಂಗಿ ಇರುವ ನಾರ್ತ್ ಕೆರೊಲಿನಾದಲ್ಲಿ ಬೆಟ್ಟದ ತೋಟಗಳಲ್ಲಿ ಫ್ರೇಸರ್ ಫರ್ ಅನ್ನೇ ಬೆಳೆಯುತ್ತಾರೆ. ಆಳೆತ್ತರ ಬರಲು ಹತ್ತು ವರ್ಷದ ಹತ್ತಿರ ಬೇಕು. ಬುಡವನ್ನು ಹೊಸದಾಗಿ ಒಂದಿಂಚು ಕೊಯ್ದು ನೀರಿನಲ್ಲಿ ನಿಲ್ಲಿಸಿದರೆ ವಾರಗಟ್ಟಲೆ ಹಸಿರಾಗಿರುತ್ತದೆ, ಮನೆಯೆಲ್ಲ ಘಮ್ ಅನ್ನುತ್ತದೆ. ಹಬ್ಬ ಮುಗಿದ ಮೇಲೆ ಪುಡಿ ಮಾಡಿ ಗಿಡಗಳ ಬುಡಕ್ಕೆ ಹಾಕುತ್ತಾರೆ. ಅವಳ ಊರಿಗೆ ಅದೇ ಸರಿ. ಬೆಂಗಳೂರಿನ ಬಿಸಿಲಿಗೆ ಫರ್ ಬೆಳೆಯುವುದಿಲ್ಲ. ಇಲ್ಲಿ ನಮ್ಮ ಕೈಗೆ ಸಿಗುವುದನ್ನೇ ಅಳೆದು ನೋಡಬೇಕು, ಅಲ್ವಾ?

ಮೊದಲು ಪ್ಲಾಸ್ಟಿಕ್ ಮರ. ಡಿಸೆಂಬರ್ ಶುರುವಾದರೆ ಶಿವಾಜಿನಗರದ ರಸೆಲ್ ಮಾರ್ಕೆಟ್ ಸುತ್ತಮುತ್ತ ನಕ್ಷತ್ರ, ಜರಿ ಮಾಲೆ, ರೆಡಿಮೇಡ್ ಗೋದಲಿಗಳ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಜೊತೆ ಈ ಮರಗಳೂ ಸಾಲಾಗಿ ನಿಂತಿರುತ್ತವೆ. ದೂರದಿಂದ ನೋಡಿ ಬೆಲೆ ಕೇಳಬೇಡಿ. ಕೊಂಬೆ ಹಿಡಿದು ನೋಡಿ. ಅಗ್ಗದ ಮರದ ಎಲೆ ಎಂದರೆ ಪಿವಿಸಿ ಹಾಳೆಯನ್ನು ಸಣ್ಣಗೆ ಕತ್ತರಿಸಿ, ಎರಡು ತಂತಿಗಳ ನಡುವೆ ಹೊಸೆದದ್ದು. ಬಾಟಲಿ ತೊಳೆಯುವ ಬ್ರಷ್ಷನ್ನು ಮಾಡುವುದೂ ಹೀಗೆಯೇ. ದುಬಾರಿ ಮರದಲ್ಲಿ ಎಲೆಯನ್ನು ಪಾಲಿಥಿಲೀನ್‌ನಲ್ಲಿ ಅಚ್ಚು ಹಾಕಿ ತೆಗೆದಿರುತ್ತಾರೆ. ಅದು ಕೈಗೆ ದಪ್ಪಗಿರುತ್ತದೆ, ಕಣ್ಣಿಗೂ ನಿಜದ ಹತ್ತಿರ. ಎಷ್ಟೋ ಮರಗಳಲ್ಲಿ ಎರಡನ್ನೂ ಬೆರೆಸುತ್ತಾರೆ: ಹೊರಗೆ ಕಾಣುವ ತುದಿಗೆ ಅಚ್ಚಿನದು, ಒಳಗೆ ಹಾಳೆಯದು. ಕೊಂಬೆಯನ್ನು ಬುಡದಿಂದ ತುದಿಯವರೆಗೆ ಅಂಗೈಯಲ್ಲಿ ಸವರಿ. ಹಸಿರು ಚೂರುಗಳು ಕೈಗೆ ಬಂದರೆ ಆ ಮರವನ್ನು ಅಲ್ಲೇ ಬಿಟ್ಟುಬಿಡಿ. ಎರಡು ಹಬ್ಬಕ್ಕೇ ಬೋಳಾಗುತ್ತದೆ.

ಜೋಡಿಸುವುದು ಸುಲಭ, ಕೊಂಬೆಗಳನ್ನು ಬಿಡಿಸಿ ಹರಡುವುದಕ್ಕೆ ಹೊತ್ತು ಬೇಕು. ಒಂದೊಂದು ತುದಿಯನ್ನೂ ಒಂದು ಎಡಕ್ಕೆ, ಒಂದು ಬಲಕ್ಕೆ, ಒಂದು ಮೇಲಕ್ಕೆ ಅಂತ ಬಾಗಿಸಬೇಕು. ಕಾಂಡದ ಹತ್ತಿರದಿಂದ ಶುರು ಮಾಡಿ ಹೊರಗೆ ಬರಬೇಕು. ಹಾಗೆ ಮಾಡದಿದ್ದರೆ ನಡುವೆ ಕಬ್ಬಿಣದ ರಾಡ್ ಎದ್ದು ಕಾಣುತ್ತದೆ. ಒಮ್ಮೆ ನಾನು ಹೀಗೆ ಬಿಡಿಸುತ್ತಾ ಕೂತಿದ್ದಾಗ ಅಮ್ಮ ಅಡುಗೆಮನೆಯಿಂದಲೇ, "ಇಷ್ಟು ಹೊತ್ತಿಗೆ ನಾನು ಎರಡು ಒಬ್ಬೆ ನೆವ್ರಿ ಕರಿದು ಇಡ್ತಿದ್ದೆ ಮಾರಾಯ್ತಿ" ಅಂದರು. ನೆವ್ರಿ ಅಂದರೆ ನಮ್ಮ ಕ್ರಿಸ್‌ಮಸ್ಸಿನ ಸಿಹಿ ಕಡುಬು. ಆದರೆ ಒಮ್ಮೆ ಬಿಡಿಸಿ ನಿಲ್ಲಿಸಿದರೆ ಆಯಿತು. ಜನವರಿ 6ರ ಮೂವರು ಜ್ಞಾನಿಗಳ ಹಬ್ಬದವರೆಗೂ ಅದರ ಕಡೆ ನೋಡಬೇಕಾಗಿಲ್ಲ. ನೀರು ಬೇಡ, ಕಸ ಬೀಳುವುದಿಲ್ಲ, ಭಾರದ ಗಾಜಿನ ಗುಂಡನ್ನೂ ಹೊರುತ್ತದೆ.

ಜುಲೈ ಬಂತು ಅನ್ನಿ. ಬೆಂಗಳೂರಿನಲ್ಲಿ ಮರ ಅಟ್ಟದ ಮೇಲೆ ಹಳೆ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಆರಾಮಾಗಿರುತ್ತದೆ. ಅದು ಬಂದ ರಟ್ಟಿನ ಡಬ್ಬಿಗೆ ಮತ್ತೆ ಹೋಗುವುದಿಲ್ಲ, ಆ ಆಸೆ ಬೇಡ. ಕರಾವಳಿಯ ಕಥೆ ಬೇರೆ. ಮಳೆಗಾಲ ಕಳೆದು ಅಮ್ಮನ ಮನೆಯಲ್ಲಿ ಕಟ್ಟು ಬಿಚ್ಚಿದರೆ ಸ್ಟ್ಯಾಂಡಿಗೆ ತುಕ್ಕು, ಕೊಂಬೆಗೆ ಮುಗ್ಗಲು ವಾಸನೆ, ಎಲೆಗಳ ಸಂದಿಯಲ್ಲಿ ಹಲ್ಲಿಯ ಮೊಟ್ಟೆ. ಸಮುದ್ರದ ಗಾಳಿ ತಂತಿಯನ್ನು ಬಿಡುವುದಿಲ್ಲ. ಕರಾವಳಿಯವರಿಗೆ ನಾನು ಪ್ಲಾಸ್ಟಿಕ್ ಮರ ಹೇಳುವುದಿಲ್ಲ.

ಇನ್ನು ಪರಿಸರದ ಲೆಕ್ಕ. ಬ್ರಿಟನ್ನಿನ ಕಾರ್ಬನ್ ಟ್ರಸ್ಟ್ ಎಂಬ ಸಂಸ್ಥೆ ಹೇಳುವ ಪ್ರಕಾರ ಎರಡು ಮೀಟರ್ ಎತ್ತರದ ಕೃತಕ ಮರದ ಹಿಂದೆ ಸುಮಾರು 40 ಕಿಲೋ ಕಾರ್ಬನ್ ಡೈ ಆಕ್ಸೈಡ್‌ಗೆ ಸಮನಾದ ಹೊಗೆ ಇದೆ. ಅಷ್ಟೇ ಎತ್ತರದ ನಿಜವಾದ ಮರವನ್ನು ಕಸದ ಗುಡ್ಡೆಗೆ ಎಸೆದು ಕೊಳೆಸಿದರೆ 16 ಕಿಲೋ, ಸುಟ್ಟರೆ ಮೂರೂವರೆ ಕಿಲೋ. ಅಂದರೆ ವರ್ಷಕ್ಕೊಂದು ನಿಜವಾದ ಮರ ತಂದು ಆಮೇಲೆ ಸುಡುವುದಕ್ಕೆ ಹೋಲಿಸಿದರೆ, ಪ್ಲಾಸ್ಟಿಕ್ ಮರವನ್ನು ಹತ್ತು ವರ್ಷಕ್ಕಿಂತ ಜಾಸ್ತಿ ಬಳಸಿದರೆ ಮಾತ್ರ ಅದಕ್ಕೊಂದು ಅರ್ಥ. ಇದರಿಂದ ನನಗೆ ಅನಿಸುವುದು ಇಷ್ಟು: ಮನೆಯಲ್ಲಿ ಈಗಾಗಲೇ ಒಂದಿದ್ದರೆ ಅದನ್ನು ಎಸೆದು "ಹಸಿರು" ಮರ ತರಲು ಹೋಗಬೇಡಿ. ಇರುವುದನ್ನು ಒರೆಸಿ, ರಿಪೇರಿ ಮಾಡಿ, ಇನ್ನೂ ಹತ್ತು ವರ್ಷ ಬಳಸಿ. ಎಸೆದರೆ ಗುಜರಿಯವರು ಕಬ್ಬಿಣದ ರಾಡ್ ಮಾತ್ರ ತಗೊಳ್ಳುತ್ತಾರೆ. ತಂತಿಯೂ ಪ್ಲಾಸ್ಟಿಕ್ಕೂ ಹೊಸೆದುಕೊಂಡ ಕೊಂಬೆ ಯಾರಿಗೂ ಬೇಡ. ಅದನ್ನು ಹಿತ್ತಿಲಲ್ಲಿ ಸುಡಲೇಬಾರದು. ಪಿವಿಸಿ ಸುಟ್ಟರೆ ಬರುವ ಹೊಗೆ ವಿಷ.

ಎರಡನೆಯದು ಸರ್ವೆ ಕೊಂಬೆ. ನಮ್ಮ ಕರಾವಳಿಯಲ್ಲಿ ಗಾಳಿ ಮರ ಅನ್ನುತ್ತೇವೆ. ನಾನು ಬೆಳೆದದ್ದು ಇದರ ಕೆಳಗೆ ಗೋದಲಿ ಕಟ್ಟಿಯೇ. ನೋಡಲು ಪೈನ್ ಹಾಗೆ ಕಂಡರೂ ಇದು ಪೈನ್ ಜಾತಿಗೆ ಸೇರಿದ್ದಲ್ಲ. ನಾವು ಎಲೆ ಅಂದುಕೊಳ್ಳುವ ಹಸಿರು ಕಡ್ಡಿ ನಿಜಕ್ಕೂ ಸಣ್ಣ ಕಾಂಡ. ಒಂದು ಕಡ್ಡಿ ಕಿತ್ತು ಬೆಳಕಿಗೆ ಹಿಡಿದು ನೋಡಿ. ಉದ್ದಕ್ಕೂ ಗಿಣ್ಣುಗಳು. ಒಂದೊಂದು ಗಿಣ್ಣಿನ ಸುತ್ತಲೂ ಹಲ್ಲಿನಂಥ ಆರೆಂಟು ಚೂಪುಗಳ ಉಂಗುರ. ಎಲೆ ಅಂದರೆ ಅದೇ. ಚಿಕ್ಕವರಿದ್ದಾಗ ಆ ಗಿಣ್ಣಿನಲ್ಲಿ ಕಡ್ಡಿಯನ್ನು ಎಳೆದು ಬಿಡಿಸಿ, ಮತ್ತೆ ಸಿಕ್ಕಿಸಿ, "ಎಲ್ಲಿ ಕಿತ್ತದ್ದು ಹೇಳು" ಅಂತ ಆಡುತ್ತಿದ್ದೆವು. ನನ್ನ ಮಕ್ಕಳು ಈಗ ಬೆಂಗಳೂರಿನ ಮನೆಯ ಹಾಲ್‌ನಲ್ಲಿ ಅದೇ ಆಟ ಆಡುತ್ತಾರೆ. ಬೇರೆ ಯಾವ ಮರವೂ ಅವರನ್ನು ಅಷ್ಟು ಹೊತ್ತು ಹಿಡಿದು ಕೂರಿಸಿಲ್ಲ.

ಈ ಮರ ನಮ್ಮ ನೆಲದ್ದಲ್ಲ. ಕಾರವಾರದ ಮರಳ ದಂಡೆಯಲ್ಲಿ 1868ರ ಸುಮಾರಿಗೆ ನೆಟ್ಟದ್ದೇ ಈ ದೇಶದಲ್ಲಿ ಇದರ ಮೊದಲ ನೆಡುತೋಪು ಅನ್ನುತ್ತಾರೆ. ಈಗ ಒಳನಾಡಿನ ರೈತರೂ ಗಳಕ್ಕಾಗಿ ಬೆಳೆಯುತ್ತಾರೆ. ಕಟ್ಟಡ ಕಟ್ಟುವಾಗ ನಿಲ್ಲಿಸುವ ಸರ್ವೆ ಗಳ ಇದೆಯಲ್ಲ, ಅದೇ ಮರ. ಕೆಲವೇ ವರ್ಷಕ್ಕೆ ಕಡಿದು ನೇರವಾದ ಗಳವನ್ನು ಮಾರುತ್ತಾರೆ. ತುದಿ, ಕೊಂಬೆಗಳು ಸೌದೆಗೆ ಹೋಗುತ್ತವೆ. ನಾವು ಕೇಳುವುದು ಆ ತುದಿಯನ್ನೇ! ಹೇಗೂ ಕಡಿಯುವ ಮರ, ಹೇಗೂ ಒಲೆಗೆ ಹೋಗುವ ಕೊಂಬೆ. ನಡುವೆ ಹದಿನೈದು ದಿನ ನಮ್ಮ ಹಾಲಿನಲ್ಲಿ ನಿಂತು ಹೋಗುತ್ತದೆ. ಇಷ್ಟು ಕಡಿಮೆ ಖರ್ಚಿನ, ಕಡಿಮೆ ಪಾಪದ ಮರ ಬೇರೆ ಇಲ್ಲ. ಒಂದೇ ಮಾತು: ಬೀಚಿನಲ್ಲಿ ನೆಟ್ಟಿರುವ ಮರಕ್ಕೆ ಕತ್ತಿ ಹಾಕಬೇಡಿ. ಅದು ಮರಳನ್ನೂ ಗಾಳಿಯನ್ನೂ ತಡೆಯಲು ನೆಟ್ಟದ್ದು, ಕಡಿಯುವುದು ತಪ್ಪು. ತೋಟ ಇರುವವರನ್ನೋ ಸೌದೆ ಡಿಪೋದವರನ್ನೋ ಕೇಳಿ.

ತಂದ ದಿನವೇ ಬುಡವನ್ನು ಓರೆಯಾಗಿ ಕೊಯ್ದು, ಬಕೆಟ್ಟಿನಲ್ಲಿ ಇಟ್ಟಿಗೆ ಚೂರು, ಒದ್ದೆ ಮರಳು ತುಂಬಿ ನಿಲ್ಲಿಸಿ. ಮರಳು ಒಣಗಲು ಬಿಡಬೇಡಿ. ಆದರೂ ಒಂದು ವಾರ ಕಳೆದರೆ ಹಸಿರು ಮಾಸುತ್ತದೆ, ಗಿಣ್ಣು ಗಿಣ್ಣಾಗಿ ಕಡ್ಡಿ ಉದುರುತ್ತದೆ. ಕೆಳಗೆ ಗೋಣಿ ಹಾಸಿದರೆ ಗುಡಿಸುವ ಕೆಲಸ ಅರ್ಧ ಕಡಿಮೆ. ಡಿಸೆಂಬರ್ 1ಕ್ಕೇ ಮರ ನಿಲ್ಲಬೇಕು ಅನ್ನುವವರಿಗೆ ಇದು ಆಗದು. ನಮ್ಮಲ್ಲಿ 22, 23ಕ್ಕೆ ತರುತ್ತೇವೆ. ಕೊಂಬೆ ಬಾಗುತ್ತದೆ, ಹಾಗಾಗಿ ಕಾಗದದ ನಕ್ಷತ್ರ, ಹತ್ತಿ, ಅದರದ್ದೇ ಪುಟ್ಟ ಕಾಯಿಗಳಿಗೆ ಬಂಗಾರದ ಬಣ್ಣ ಹಚ್ಚಿ ಕಟ್ಟಿದ್ದು, ಇಷ್ಟೇ ಸಾಕು. ಹತ್ತಿರದಲ್ಲಿ ಮೇಣದಬತ್ತಿ ಮಾತ್ರ ಬೇಡವೇ ಬೇಡ. ಸರ್ವೆ ಹಸಿಯಿದ್ದಾಗಲೂ ಉರಿಯುವ ಸೌದೆ. ಬಿಸಿಯಾಗದ ಎಲ್ಇಡಿ ಸರವೇ ಇರಲಿ, ಮಲಗುವ ಮುಂಚೆ ಅದನ್ನೂ ಆರಿಸಿ.

ಮೂರನೆಯದು ಕುಂಡದ ಅರೌಕೇರಿಯಾ. ನರ್ಸರಿಯಲ್ಲಿ ಕ್ರಿಸ್‌ಮಸ್ ಟ್ರೀ ಕೊಡಿ ಅಂದರೆ ಇದನ್ನೇ ಕೊಡುತ್ತಾರೆ. ಗೋಲ್ಡನ್ ಸೈಪ್ರೆಸ್ ಕೂಡ ತೋರಿಸುತ್ತಾರೆ. ಅದು ಚಂದವೇ, ಆದರೆ ತೀರಾ ದಟ್ಟ, ಏನನ್ನೂ ನೇತು ಹಾಕಲು ಜಾಗ ಇರುವುದಿಲ್ಲ. ಅರೌಕೇರಿಯಾ ಹಾಗಲ್ಲ. ಅಂತಸ್ತು ಅಂತಸ್ತಾಗಿ ಕೊಂಬೆ ಬಿಡುತ್ತದೆ, ನಡುವೆ ಖಾಲಿ ಜಾಗ. ನಕ್ಷತ್ರ, ಗಂಟೆಗಳು ಅಲ್ಲಿ ನೇರವಾಗಿ ತೂಗುತ್ತವೆ. ಅರೌಕೇರಿಯಾಗಳಲ್ಲೇ ಒಂದಾದ ನಾರ್ಫೋಕ್ ಐಲ್ಯಾಂಡ್ ಪೈನ್ ಅಂತ ಹೆಸರು ಹೇಳಿ ಮಾರುವ ಗಿಡಗಳಲ್ಲಿ ಎಷ್ಟೋ ನಿಜಕ್ಕೂ ಅದರ ನೆಂಟ, ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದ ಕುಕ್ ಪೈನ್. ಈ ಕುಕ್ ಪೈನಿಗೆ ಒಂದು ವಿಚಿತ್ರ ಗುಣ ಇದೆ. ಐದು ಖಂಡಗಳಲ್ಲಿ 256 ಮರಗಳನ್ನು ಅಳೆದು 2017ರಲ್ಲಿ ವಿಜ್ಞಾನಿಗಳು ಹೇಳಿದ್ದು: ಅದು ಎಲ್ಲೇ ಬೆಳೆದರೂ ಭೂಮಧ್ಯ ರೇಖೆಯ ಕಡೆ ವಾಲುತ್ತದೆ, ಸರಾಸರಿ ಎಂಟೂವರೆ ಡಿಗ್ರಿ. ಅಂದರೆ ನಮ್ಮಲ್ಲಿ ದಕ್ಷಿಣಕ್ಕೆ. ಬೆಂಗಳೂರಿನಲ್ಲಿ ಎತ್ತರದ ಅರೌಕೇರಿಯಾ ಕಂಡಾಗೆಲ್ಲ ನಾನು ದಿಕ್ಕು ನೋಡುತ್ತೇನೆ.

ಕೊಳ್ಳುವಾಗ ಬುಡ ಬಗ್ಗಿ ನೋಡಿ. ದಟ್ಟವಾಗಿ ಕಾಣಲಿ ಅಂತ ಒಂದೇ ಕುಂಡದಲ್ಲಿ ಮೂರು ನಾಲ್ಕು ಸಸಿ ಒತ್ತಿಟ್ಟಿರುತ್ತಾರೆ. ಅವು ಬೆಳೆದಂತೆ ಒಂದನ್ನೊಂದು ತಳ್ಳಾಡುತ್ತವೆ. ಒಂಟಿ ಕಾಂಡದ ಗಿಡ ಆರಿಸಿ. ತುದಿಯ ಚಿಗುರು ಸರಿಯಾಗಿದೆಯಾ ಅಂತ ಮುಖ್ಯವಾಗಿ ನೋಡಿ. ಅದು ಮುರಿದರೆ ಗಿಡ ಮೊದಲಿನ ಆಕಾರಕ್ಕೆ ಬರುವುದು ಕಷ್ಟ. ಅದಕ್ಕೇ ನಾವು ನಕ್ಷತ್ರವನ್ನು ತುದಿಗೆ ಸಿಕ್ಕಿಸುವುದಿಲ್ಲ, ಹಿಂದಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕುತ್ತೇವೆ. ಎದುರಿನಿಂದ ನೋಡುವವರಿಗೆ ಮರದ ಮೇಲೇ ಇದ್ದಂತೆ ಕಾಣುತ್ತದೆ.

ಇದರ ಪರೀಕ್ಷೆ ಮಿಕ್ಕ ಹನ್ನೊಂದು ತಿಂಗಳು. ಒಳ್ಳೆ ಬೆಳಕು ಬೇಕು. ಹಾಲಿನ ಮೂಲೆಯಲ್ಲಿ ಬಿಟ್ಟರೆ ಅಂತಸ್ತುಗಳ ನಡುವೆ ಉದ್ದುದ್ದ ಎಳೆದುಕೊಳ್ಳುತ್ತದೆ, ಕಿಟಕಿಯ ಕಡೆ ಬಾಗುತ್ತದೆ. ಕೆಳಗಿನ ಕೊಂಬೆ ಒಮ್ಮೆ ಒಣಗಿದರೆ ಅಲ್ಲಿ ಮತ್ತೆ ಚಿಗುರು ಬರುವುದಿಲ್ಲ. ನಮ್ಮದು ವರ್ಷವಿಡೀ ಪೂರ್ವದ ಬಾಲ್ಕನಿಯಲ್ಲಿರುತ್ತದೆ. ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸುತ್ತೇವೆ. ಮೇಲಿನ ಮಣ್ಣು ಬೆರಳಿಗೆ ಒಣಗಿದೆ ಅನಿಸಿದಾಗ ನೀರು. ಡಿಸೆಂಬರ್ ಮೂರನೇ ವಾರ ಒಳಗೆ ಬರುತ್ತದೆ, ಜನವರಿ 6 ಕಳೆದ ತಕ್ಷಣ ಹೊರಗೆ. ಮಕ್ಕಳು ಗೋಡೆಯ ಮೇಲೆ ತಮ್ಮ ಎತ್ತರದ ಗೆರೆ ಹಾಕುವಾಗ ಅದರದ್ದೂ ಹಾಕುತ್ತಾರೆ. ಪ್ಲಾಸ್ಟಿಕ್ ಮರದ ಜೊತೆ ನಮಗೆ ಈ ಸಂಬಂಧ ಬೆಳೆಯಲಿಲ್ಲ.

ದುಡ್ಡಿನ ವಿಷಯ ಬೇಗ ಮುಗಿಯುತ್ತದೆ. ಮೊದಲ ವರ್ಷಕ್ಕೆ ಪ್ಲಾಸ್ಟಿಕ್ ದುಬಾರಿ, ಸರ್ವೆ ಅಗ್ಗ, ಕುಂಡದ್ದು ಎತ್ತರದ ಮೇಲೆ. ಎರಡಡಿ ಗಿಡ ತಂದು ಬೆಳೆಸಿದರೆ ಕಡಿಮೆಗೆ ಆಗುತ್ತದೆ, ಆರಡಿಯದು ಕೇಳಿದರೆ ಕೈ ಕಚ್ಚುತ್ತದೆ. ಗೋದಲಿಗೆ ಯಾವುದು ಹೊಂದುತ್ತದೆ ಅನ್ನುವುದು ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಪ್ರಶ್ನೆ. ಪ್ಲಾಸ್ಟಿಕ್ ಮರ ನೆಲದವರೆಗೂ ಹರಡಿಕೊಂಡು ಗೋದಲಿಯನ್ನು ಮುಂದಕ್ಕೆ ತಳ್ಳುತ್ತದೆ. ಕುಂಡದ ಗಿಡದ ಬುಡ ಕುಂಡದಷ್ಟೇ ಎತ್ತರ, ಪಕ್ಕದಲ್ಲಿ ಸ್ಟೂಲ್ ಇಡಬೇಕು. ಸರ್ವೆ ಕೊಂಬೆ ಮೇಲಿನಿಂದ ಬಾಗಿ ಬರುತ್ತದೆ. ಅದರ ಕೆಳಗೆ ಹುಲ್ಲು ಹಾಸಿ, ಕುರಿ, ಕುರುಬರನ್ನು ಇಟ್ಟರೆ ಕೊಟ್ಟಿಗೆ ನಿಜಕ್ಕೂ ಮರದಡಿ ಇದ್ದ ಹಾಗೆ ಕಾಣುತ್ತದೆ. ಅಮ್ಮನ ಮನೆಯಲ್ಲಿ ಅದೇ ಇರಲಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಬಾಲ್ಕನಿಯಲ್ಲಿ ಬೆಳಕು ಇದೆ, ಗಿಡಕ್ಕೆ ನೀರು ಹಾಕುವ ಅಭ್ಯಾಸ ಇದೆ ಅನ್ನುವವರು ಕಣ್ಣು ಮುಚ್ಚಿ ಅರೌಕೇರಿಯಾ ತನ್ನಿ. ಆ ಅಭ್ಯಾಸ ಇಲ್ಲದಿದ್ದರೆ ಸುಮ್ನೆ ಗಿಡ ಕೊಲ್ಲಬೇಡಿ, ಸರ್ವೆ ಕೊಂಬೆ ತನ್ನಿ. ವರ್ಷ ವರ್ಷ ಬಾಡಿಗೆ ಮನೆ ಬದಲಿಸುವವರು, ವಯಸ್ಸಾದ ಒಬ್ಬರೇ ಇರುವ ಮನೆಯವರು ಹುಡುಕಿ ಗಟ್ಟಿಯಾದ ಒಂದು ಪ್ಲಾಸ್ಟಿಕ್ ಮರ ಕೊಂಡರೆ ನಾನು ತಪ್ಪು ಹೇಳಲಾರೆ.

ಅರೌಕೇರಿಯಾ ತರುವವರು ಒಂದು ವಿಷಯ ಮುಂಚೆಯೇ ಯೋಚಿಸಿ. ಕುಂಡದಲ್ಲಿ ಎಷ್ಟೋ ವರ್ಷ ಇರುತ್ತದೆ, ಕೊನೆಗೊಂದು ದಿನ ಚಾವಣಿ ಮುಟ್ಟುತ್ತದೆ. ಆಗ ತಲೆ ಕತ್ತರಿಸಿದರೆ ಆಕಾರ ಹೋಯಿತು. ಮೂವತ್ತು ನಲವತ್ತರ ಸೈಟಿನ ಕಾಂಪೌಂಡಿನಲ್ಲಿ, ಕರೆಂಟ್ ತಂತಿಯ ಕೆಳಗೆ ನೆಡುವ ಮರ ಅದಲ್ಲ. ತನ್ನ ನೆಲದಲ್ಲಿ ಕುಕ್ ಪೈನ್ 60 ಮೀಟರ್ ತನಕ ಹೋಗುತ್ತದೆ. ಊರಲ್ಲಿ ತೋಟ ಇದ್ದರೆ ಅಲ್ಲಿಗೆ ಸಾಗಿಸಿ. ಇಲ್ಲವಾದರೆ ನಿಮ್ಮ ಚರ್ಚಿನ ಅಥವಾ ಮಕ್ಕಳ ಶಾಲೆಯ ಮೈದಾನದ ಅಂಚಿನಲ್ಲಿ, ಕಟ್ಟಡದಿಂದ ದೂರ, ಜಾಗ ಕೇಳಿ. ಮಳೆಗಾಲ ಶುರುವಾಗುವಾಗ ನೆಟ್ಟರೆ ಬೇರು ಬೇಗ ಹಿಡಿಯುತ್ತದೆ. ನಾನು ನಮ್ಮ ಫಾದರ್ ಹತ್ತಿರ ಈಗಲೇ ಮಾತಾಡಿ ಇಟ್ಟಿದ್ದೇನೆ. ಬಾವಿಯ ಆಚೆ ಮೂಲೆ ಕೊಡುತ್ತೇವೆ ಅಂದಿದ್ದಾರೆ.