ರೋ ಜಿಂಕೆಗೆ ಅಂತ ಬೇರೆಯವರು ತುಂಬಿದ .222 ತೋಟೆ ಕೊಳ್ಳಬೇಡಿ

ಸ್ಕಾಟ್ಲೆಂಡಿನಲ್ಲಿ ರೋ ಜಿಂಕೆ ಬೇಟೆಗೆ ಹೋಗುವ ನಮ್ಮವರು, ಅದರಲ್ಲೂ ಕೊಡಗು, ಮಲೆನಾಡಿನ ಕಡೆಯಿಂದ ಬಂದು ಈಗಷ್ಟೇ ಇಲ್ಲಿ ಕೋವಿಯ ಸರ್ಟಿಫಿಕೇಟ್ ಮಾಡಿಸಿಕೊಂಡವರು, ದಯವಿಟ್ಟು ಇದನ್ನು ಪೂರ್ತಿ ಓದಿ. ‘ಕೈಯಲ್ಲೇ ತುಂಬಿದ್ದು, ರೋ ಜಿಂಕೆಗಂತಲೇ ಮಾಡಿದ್ದು’ ಅಂತ ಯಾರಾದರೂ .222 ಅಳತೆಯ ತೋಟೆಯ (ಹಿತ್ತಾಳೆ ಕೇಸಿನೊಳಗೆ ಮದ್ದು, ಗುಂಡು ಕೂರಿಸಿದ ಕಾರ್ಟ್ರಿಡ್ಜ್) ಡಬ್ಬ ಮುಂದಿಟ್ಟರೆ ದುಡ್ಡು ಕೊಡಬೇಡಿ. ಅಂಗಡಿ ಎಷ್ಟೇ ಹಳೆಯದಿರಲಿ, ಮಾತು ಎಷ್ಟೇ ನಯವಾಗಿರಲಿ. ನನಗೆ ಟೋಪಿ ಹಾಕಿದ್ದು ಅಂಥ ಅಂಗಡಿಯವನೇ. ಲೈಸೆನ್ಸ್ ಇರುವ, ಗೋಡೆ ತುಂಬ ಕೊಂಬು ನೇತುಹಾಕಿಕೊಂಡಿರುವ ಅಂಗಡಿ.

ನನ್ನದು ಹಳೆಯ .222 ರೆಮಿಂಗ್ಟನ್ ಕೋವಿ. 24 ಇಂಚಿನ ನಳಿಗೆ, ಗುಂಡನ್ನು ತಿರುಗಿಸುವ ಒಳಗಿನ ಸುತ್ತು 14 ಇಂಚಿಗೆ ಒಂದು. 1950ರಲ್ಲಿ ಬಂದ ತೋಟೆ ಇದು. ಸದ್ದು ಕಡಿಮೆ, ಹೆಗಲಿಗೆ ಒದೆತ ಇಲ್ಲವೇ ಇಲ್ಲ, ನಮ್ಮ ಕಾಡುಕುರಿಗಿಂತ ಸ್ವಲ್ಪ ದಪ್ಪ ಇರುವ ರೋ ಜಿಂಕೆಗೆ ಸರಿಯಾದ ಗುಂಡು ಹಾಕಿದರೆ ಸಾಕಾಗುತ್ತೆ. ಸರಿಯಾದ ಗುಂಡು ಹಾಕಿದರೆ. ನಾನು ಯಾವಾಗಲೂ ತಗೊಳ್ಳುವ ಫ್ಯಾಕ್ಟರಿ ಡಬ್ಬ ಎಲ್ಲೂ ಸಿಗದೆ ಗಡಿಯಾಚೆ ಇಂಗ್ಲೆಂಡಿನ ಈ ಅಂಗಡಿಗೆ ಹೋದೆ.

ಕೇಳಬೇಕಾದ್ದನ್ನೆಲ್ಲ ಬಾಯಿಬಿಟ್ಟು ಕೇಳಿದ್ದೇನೆ, ಇದನ್ನು ಗಮನಿಸಿ. ಗುಂಡಿನ ತೂಕ ಎಷ್ಟು? 50 ಗ್ರೇನ್ (ಗುಂಡು ತೂಗುವ ಸಣ್ಣ ಅಳತೆ) ಅಂದ. ವೇಗ? ಸೆಕೆಂಡಿಗೆ 3150 ಅಡಿ, ಅಳೆದು ನೋಡಿದ್ದೇನೆ ಅಂದ. ಯಾವ ಗುಂಡು? ಜಿಂಕೆಗೆ ಅಂತಲೇ ಬರುವ ಸಾಫ್ಟ್ ಪಾಯಿಂಟ್ (ಮೂತಿಯಲ್ಲಿ ಸೀಸ ಬಿಟ್ಟಿರುವ, ಒಳಗೆ ಹೋಗಿ ಅರಳುವ ಗುಂಡು) ಅಂದ. ನಾನು ಸ್ಕಾಟ್ಲೆಂಡಿನಲ್ಲಿ ಹೊಡೆಯುವುದು, ಅಲ್ಲಿನ ಕಾನೂನಿಗೆ ಸರಿಹೋಗಬೇಕು ಅಂತಲೂ ಹೇಳಿದೆ. ‘ನಿಶ್ಚಿಂತೆಯಿಂದ ಹೋಗಿ. ಅಲ್ಲಿನವರು ವರ್ಷಗಳಿಂದ ನನ್ನ ಹತ್ತಿರವೇ ತಗೊಳ್ಳೋದು’ ಅಂದ. ಡಬ್ಬದ ಮೇಲೆ ಅವನ ಕೈಬರಹದ ಲೇಬಲ್: ‘ರೋ, 50, ಸಾಫ್ಟ್ ಪಾಯಿಂಟ್, 3150’. ಫ್ಯಾಕ್ಟರಿ ಡಬ್ಬಕ್ಕಿಂತ ಜಾಸ್ತಿ ದುಡ್ಡು ತಗೊಂಡ. ಕೈಕೆಲಸ ಅಂತ ಕೊಟ್ಟೆ.

ಲೆಕ್ಕ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸ್ಕಾಟ್ಲೆಂಡಿನ 1985ರ ಆದೇಶದ ಪ್ರಕಾರ ರೋ ಜಿಂಕೆಗೆ ಗುಂಡು ಕನಿಷ್ಠ 50 ಗ್ರೇನ್ ಇರಬೇಕು, ನಳಿಗೆ ಬಾಯಲ್ಲಿ ವೇಗ ಸೆಕೆಂಡಿಗೆ 2450 ಅಡಿಗೆ ಕಡಿಮೆ ಇರಬಾರದು, ಶಕ್ತಿ 1000 ಫುಟ್-ಪೌಂಡ್‌ಗೆ ಕಡಿಮೆ ಇರಬಾರದು. ಮೂರೂ ಇರಬೇಕು. 50 ಗ್ರೇನ್ ಗುಂಡು ಆ 1000 ಮುಟ್ಟಬೇಕಾದರೆ 2450 ಸಾಲದು, 3000 ಅಡಿ ದಾಟಲೇಬೇಕು. 55 ಗ್ರೇನ್ ಆದರೆ 2860ರ ಸುಮಾರಿಗೆ ಸಾಕು. ಅವನು ಹೇಳಿದ 3150 ನಿಜವಾಗಿದ್ದರೆ 1100 ಬರುತ್ತಿತ್ತು, ಯಾವ ತಕರಾರೂ ಇರುತ್ತಿರಲಿಲ್ಲ.

ಕಾಗದದ ಮೇಲೆ ಚೆನ್ನಾಗಿಯೇ ಹೊಡೆದವು. ನೂರು ಗಜಕ್ಕೆ ಎಲ್ಲ ಒಂದೇ ಕಡೆ ಗುಂಪಾಗಿ ಬಿದ್ದವು. ಮೋಸ ಇರುವುದೇ ಇಲ್ಲಿ! ಕಾಗದಕ್ಕೆ ಮೂಳೆ ಇಲ್ಲ, ಮಾಂಸ ಇಲ್ಲ. ಗುಂಡು ಒಳಗೆ ಹೋಗಿ ಏನು ಮಾಡುತ್ತೆ ಅನ್ನೋದನ್ನು ಕಾಗದ ಹೇಳುವುದಿಲ್ಲ.

ಆಮೇಲೆ ಸ್ಪ್ರೂಸ್ ತೋಪಿನ ಅಂಚಿನಲ್ಲಿ ಒಂದು ಗಂಡು ಜಿಂಕೆ ಅಡ್ಡಲಾಗಿ ನಿಂತಿತ್ತು. ನೂರು ಗಜವೂ ಇಲ್ಲ, ಕೋಲಿಗೆ ಆನಿಸಿ ಹೊಡೆದೆ, ಈಡು ಮುಂಗಾಲ ಹೆಗಲಿಗೆ ಬಿತ್ತು. ಬೀಳಬೇಕಿತ್ತು. ಬೀಳಲಿಲ್ಲ, ಮೂರು ಕಾಲಲ್ಲಿ ತೋಪಿನೊಳಗೆ ನುಗ್ಗಿತು. ಆ ಜಾಗ ನೋಡಿಕೊಳ್ಳುವ ಹಿರಿಯರನ್ನು ಕರೆಸಿ, ಅವರ ನಾಯಿ ಬಿಟ್ಟು ಹುಡುಕಿಸಿದಾಗ ಕತ್ತಲಾಗಿತ್ತು. ಅದು ಇನ್ನೂ ಜೀವಂತ ಇತ್ತು. ಅವರೇ ಮುಗಿಸಿದರು. ಚರ್ಮ ಬಿಡಿಸಿದರೆ ಹೆಗಲಿನ ಮೇಲೆ ಅಂಗೈಯಗಲ ಹಳ್ಳ, ಒಳಗೆ ಹೋಗಿದ್ದು ಚೂರುಪಾರು ಮಾತ್ರ. ಹೆಗಲ ಮೂಳೆಗೆ ತಾಗಿದ ಕೂಡಲೇ ಗುಂಡು ಪುಡಿಯಾಗಿತ್ತು. ಅವರು ಟಾರ್ಚ್ ಹಿಡಿದು ನೋಡಿ, ‘ಇದಕ್ಕೆ ಏನು ಹಾಕಿ ಹೊಡೆದಿರಿ?’ ಅಂತ ಒಂದೇ ಮಾತು ಕೇಳಿದರು. ಬೇರೆ ಏನೂ ಅನ್ನಲಿಲ್ಲ. ನನಗೆ ತಲೆ ಎತ್ತಲಾಗಲಿಲ್ಲ. ಹುಟ್ಟಿದರೂ ಸತ್ತರೂ ಕೋವಿ ಹಾರಿಸುವ, ಕೈಲ್ ಪೊಳ್ದ್‌ಗೆ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಮನೆಯಲ್ಲಿ ಬೆಳೆದವನು ನಾನು. ಒಂದು ಮೃಗವನ್ನು ಅಷ್ಟು ಹೊತ್ತು ನರಳಿಸುವುದು ಅಂದರೆ ನಮ್ಮಲ್ಲಿ ಏನು ಅಂತ ಓದುವವರಿಗೆ ಗೊತ್ತು.

ಮಾರನೇ ವಾರ ಕ್ಲಬ್ಬಿನಲ್ಲಿ ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟು ಅದೇ ಡಬ್ಬದ ತೋಟೆ ಹೊಡೆದು ನೋಡಿದೆವು. ಸರಾಸರಿ 2800. ಒಂದು 2690, ಇನ್ನೊಂದು 2900, ಹೀಗೆ ಎಲ್ಲೆಲ್ಲೋ. ಹೊಡೆದ ಕೇಸುಗಳಲ್ಲಿ ಒಂದರ ಕುತ್ತಿಗೆ ಸೀಳಿತ್ತು. ಎಷ್ಟು ಸಲ ಮತ್ತೆ ಮತ್ತೆ ತುಂಬಿದ ಹಿತ್ತಾಳೆಯೋ! ಉಳಿದ ಕೆಲವನ್ನು ಬಿಡಿಸಿ ಗುಂಡನ್ನು ತಕ್ಕಡಿಗಿಟ್ಟೆವು. 45. ಮತ್ತೊಂದು, 45. ಮತ್ತೊಂದು, ಅದೂ 45 ಗ್ರೇನ್! ಕ್ಲಬ್ಬಿನವರು ಕೈಯಲ್ಲಿ ಹಿಡಿದು ನೋಡಿದ ತಕ್ಷಣ ಹೇಳಿದರು, ಇದು .22 ಹಾರ್ನೆಟ್ ಅನ್ನೋ ಇನ್ನೂ ಚಿಕ್ಕ ತೋಟೆಗೆ ಮಾಡುವ ಗುಂಡು. ಹಾರ್ನೆಟ್ ವೇಗ ಕಡಿಮೆ, ಅದಕ್ಕೇ ಈ ಗುಂಡಿನ ತಾಮ್ರದ ಹೊದಿಕೆ ತೀರ ತೆಳು, ಸಣ್ಣಪುಟ್ಟ ಪ್ರಾಣಿಗೆ ಸರಿ. ತೋಟೆಯೊಳಗೆ ಕೂತಾಗ ಹೊರಗೆ ಕಾಣುವುದು ಗುಂಡಿನ ಮುಂಭಾಗ ಮಾತ್ರ, 50ರ ಗುಂಡಿಗೂ 45ರ ಗುಂಡಿಗೂ ವ್ಯತ್ಯಾಸ ಸುಲಭಕ್ಕೆ ಕಣ್ಣಿಗೆ ಬೀಳೋದಿಲ್ಲ. 45 ಗ್ರೇನ್, 2800 ಅಡಿ ಅಂದರೆ 780 ಫುಟ್-ಪೌಂಡ್ ಚಿಲ್ಲರೆ. ಬೇಕಾದ್ದು 1000. ತೂಕವೂ ಇಲ್ಲ, ಶಕ್ತಿಯೂ ಇಲ್ಲ. ಅಂದರೆ ನನ್ನ ಕೈಯಲ್ಲಿ ಕಾನೂನು ಮುರಿಸಿದ. ಕೇಸು ಬಿದ್ದರೆ ಬೀಳೋದು ಕೋವಿಯ ಕುದುರೆ (ಟ್ರಿಗರ್) ಎಳೆದವನ ಮೇಲೆ, ಹೋದರೆ ಹೋಗೋದು ನನ್ನ ಸರ್ಟಿಫಿಕೇಟ್.

ಈಗ ಅವನ ಉತ್ತರಗಳು ಕೇಳಿ. ಇದನ್ನು ಬರೆಯಲು ಕೂತಿದ್ದೇ ಈ ಉತ್ತರಗಳಿಗಾಗಿ.

ಮೊದಲ ಫೋನ್: ‘ಜಿಂಕೆ ಸಿಕ್ಕಿತಲ್ಲ? ಮತ್ತೇನು?’ ಹೌದು, ಹೀಗೇ ಕೇಳಿದ.

ವೇಗದ ಲೆಕ್ಕ ಹೇಳಿದೆ. ‘ನಿಮ್ಮ ನಳಿಗೆ ಗಿಡ್ಡ ಇರಬೇಕು.’ 24 ಇಂಚು ಅಂದೆ. ‘ಹಾಗಾದರೆ ಕ್ರೋನೋಗ್ರಾಫ್ ಸರಿ ಇಲ್ಲ.’ ಅದೇ ಯಂತ್ರದಲ್ಲಿ ಅದೇ ಹೊತ್ತಿಗೆ ಬೇರೆಯವರ ಫ್ಯಾಕ್ಟರಿ ತೋಟೆ ಡಬ್ಬದ ಮೇಲಿದ್ದ ವೇಗದ ಹತ್ತಿರ ಹತ್ತಿರವೇ ಬಂತಲ್ಲ ಅಂದೆ. ಉತ್ತರ ಇಲ್ಲ. ತೂಕದ ವಿಷಯ ಎತ್ತಿದೆ. ‘ಐದು ಗ್ರೇನ್ ತಾನೇ? ಜಿಂಕೆಗೆ ಏನು ಗೊತ್ತಾಗುತ್ತೆ?’

ತಕ್ಕಡಿಯ ಫೋಟೋ ಕಳಿಸಿದೆ. ಆಗ ಧಾಟಿ ಬದಲಾಯಿತು. ‘ಗುಂಡಿನ ಡಬ್ಬಗಳು ಅದಲುಬದಲು ಆಗಿರಬಹುದು’ ಅಂದ. ಆಗಿರಬಹುದಂತೆ! ಹಾಗಾದರೆ ಬೇರೆಯವರಿಗೂ ಇದನ್ನೇ ಮಾರಿದ್ದೀರಲ್ಲ, ಅವರಿಗೆ ಹೇಳಿದ್ದೀರಾ ಅಂದೆ. ಫೋನ್ ಇಟ್ಟ.

ಖುದ್ದು ಅಂಗಡಿಗೆ ಹೋದೆ. ಲೇಬಲ್ ತೋರಿಸಿದೆ, ಇದು ನಿಮ್ಮದೇ ಅಕ್ಷರ ಅಲ್ಲವೇ ಅಂದೆ. ಅವನು ಹೇಳಿದ್ದು ಕೇಳಿ: ‘ಇಂಗ್ಲೆಂಡಿನಲ್ಲಿ .222ನಲ್ಲಿ ರೋ ಜಿಂಕೆ ಹೊಡೆಯೋ ಹಾಗೇ ಇಲ್ಲ. ನಾನು ಇದನ್ನು ನರಿಗೆ ಅಂತ ಮಾರೋದು. ಡಬ್ಬದ ಮೇಲಿರೋದು ಬರೀ ಗುರುತಿಗೆ ಇಟ್ಟ ಹೆಸರು. ನಿಮ್ಮ ಕಡೆ ಕಾನೂನು ನೀವು ನೋಡ್ಕೋಬೇಕು.’ ನನಗೆ ಮೈಯೆಲ್ಲ ಉರಿದುಹೋಯಿತು. ಇಂಗ್ಲೆಂಡಿನ ಕಾನೂನು ಅವನು ಹೇಳಿದ ಹಾಗೇ ಇದೆ. 1991ರ ಡಿಯರ್ ಆ್ಯಕ್ಟ್ ಪ್ರಕಾರ ಅಲ್ಲಿ ರೋ ಜಿಂಕೆಗೆ .240 ಇಂಚಿಗಿಂತ ಸಣ್ಣ ಬಾಯಿಯ ಕೋವಿ ನಡೆಯುವುದಿಲ್ಲ, ಶಕ್ತಿ 1700 ಬೇಕು. ಸಣ್ಣ ಕೋವಿಗೆ ಅಲ್ಲಿ ಅವಕಾಶ ಇರೋದು ಮಂಟ್‌ಜಾಕ್‌ಗೆ, ಅಂದರೆ ನಮ್ಮ ಕಾಡುಕುರಿಯ ಬಳಗದ್ದಕ್ಕೆ, ಮತ್ತು ಚೈನೀಸ್ ವಾಟರ್ ಡಿಯರ್‌ಗೆ ಮಾತ್ರ. ಇಷ್ಟೆಲ್ಲ ಗೊತ್ತಿದ್ದೂ ‘ರೋ’ ಅಂತ ಬರೆದು, ಸ್ಕಾಟ್ಲೆಂಡಿಗೆ ಅಂತ ಬಾಯಲ್ಲಿ ಹೇಳಿದವನಿಗೆ ಮಾರಿ, ಈಗ ಆ ಕಾನೂನನ್ನೇ ಅಡ್ಡ ಹಿಡಿಯುತ್ತಾನೆ! ರಸೀತಿಯಲ್ಲಿ ಇರೋದು ‘.222 ತೋಟೆ’ ಅಂತ ಅಷ್ಟೇ. ನನ್ನ ಸರ್ಟಿಫಿಕೇಟಿನಲ್ಲಿ ಅವನು ಬರೆದಿದ್ದೂ ಅಷ್ಟೇ. ರೋ ಇಲ್ಲ, 50 ಇಲ್ಲ, 3150 ಇಲ್ಲ.

ಹೊರಡುವಾಗ ದೊಡ್ಡ ಉಪಕಾರದ ಹಾಗೆ ಒಂದು ಮಾತು: ‘ದುಡ್ಡು ವಾಪಸ್ ಇಲ್ಲ. ಬೇಕಾದರೆ 69 ಗ್ರೇನ್ ಹಾಕಿ ತುಂಬಿ ಕೊಡ್ತೀನಿ, ತೂಕದ ಚಿಂತೆಯೇ ಇರಲ್ಲ.’ 14 ಇಂಚಿಗೆ ಒಂದು ಸುತ್ತಿನ ನಳಿಗೆಗೆ 69 ಗ್ರೇನ್! ಅಷ್ಟು ಉದ್ದದ ಗುಂಡು ಆ ನಳಿಗೆಯಲ್ಲಿ ಸಾಕಷ್ಟು ತಿರುಗುವುದೇ ಇಲ್ಲ, ಗಾಳಿಯಲ್ಲಿ ಪಲ್ಟಿ ಹೊಡೆದು ಗುರಿಗೆ ಅಡ್ಡಡ್ಡ ಬಡಿಯುತ್ತೆ. ನನ್ನ ಕೋವಿಯ ಸುತ್ತು ಎಷ್ಟು ಅಂತ ಅವನು ಆ ದಿನವೂ ಕೇಳಿರಲಿಲ್ಲ, ಈ ದಿನವೂ ಕೇಳಲಿಲ್ಲ.

.222 ಇರುವವರಿಗೆ ನಾನು ಹೇಳೋದು ಇಷ್ಟು. ಫ್ಯಾಕ್ಟರಿ ಡಬ್ಬ ಸಿಗುವ ತನಕ ಕಾಯಿರಿ. ಜಿಂಕೆಗೆ ಅಂತ ಕಂಪನಿಯೇ ಹೇಳುವ 50 ಅಥವಾ 55 ಗ್ರೇನ್ ತಗೊಂಡು, ಅದನ್ನೂ ನಿಮ್ಮ ಕೋವಿಯಲ್ಲೇ ಕ್ರೋನೋಗ್ರಾಫ್ ಇಟ್ಟು ಅಳೆಯಿರಿ. ಗ್ರೇನ್ ತೂಕವನ್ನು ವೇಗದಿಂದ ಎರಡು ಸಲ ಗುಣಿಸಿ 450240ರಿಂದ ಭಾಗಿಸಿದರೆ ಫುಟ್-ಪೌಂಡ್ ಬರುತ್ತೆ. ಕೈಯಲ್ಲಿ ತುಂಬಿದ್ದೇ ಬೇಕು ಅಂದರೆ ಕ್ಲಬ್ಬಿನಲ್ಲಿ ಗೊತ್ತಿರುವವರ ಪಕ್ಕ ಕೂತು ಕಲಿತು ನೀವೇ ತುಂಬಿ. ಸ್ವಂತಕ್ಕೆ ತುಂಬಿಕೊಳ್ಳಲು ಇಲ್ಲಿ ಬೇರೆ ಪರವಾನಗಿ ಬೇಕಿಲ್ಲ, ಮದ್ದಿಗೆ ಕಿಡಿ ಕೊಡುವ ಪ್ರೈಮರ್ ಕೊಳ್ಳುವಾಗ ಸರ್ಟಿಫಿಕೇಟ್ ತೋರಿಸಬೇಕು ಅಷ್ಟೇ. ಬೇರೆಯವರು ತುಂಬಿದ್ದನ್ನು ನಾನಂತೂ ಇನ್ನು ಮುಟ್ಟುವುದಿಲ್ಲ.

ಲೇಬಲ್, ತಕ್ಕಡಿ, ವೇಗದ ಪಟ್ಟಿ ಎಲ್ಲದರ ಫೋಟೋ ಪೊಲೀಸರ ಫೈರ್‌ಆರ್ಮ್ಸ್ ಲೈಸೆನ್ಸಿಂಗ್ ವಿಭಾಗಕ್ಕೆ ಕಳಿಸಿದ್ದೇನೆ. ಕೈಬರಹದಲ್ಲಿ ‘ರೋ, 50’ ಅಂತ ಬರೆದ .222 ಡಬ್ಬ ನಿಮ್ಮ ಬೀರುವಿನಲ್ಲೂ ಇದ್ದರೆ ಅದನ್ನು ಕಾಡಿಗೆ ಒಯ್ಯಬೇಡಿ. ಒಂದು ತೋಟೆ ಬಿಡಿಸಿ ಗುಂಡು ತೂಗಿಸಿ ನೋಡಿ. 45 ಬಂದರೆ ನೀವೂ ಅಲ್ಲಿಗೆ ಬರೆಯಿರಿ, ಒಬ್ಬನ ದೂರಿಗೆ ಅವನು ‘ಅದಲುಬದಲು’ ಅಂತ ಹೇಳಿ ತಪ್ಪಿಸಿಕೊಳ್ಳುತ್ತಾನೆ.