ಫಸ್ಟ್ ಆ್ಯಂಗಲ್ಲೋ, ಥರ್ಡ್ ಆ್ಯಂಗಲ್ಲೋ?

ಯಂತ್ರದ ಬಿಡಿಭಾಗದ ಡ್ರಾಯಿಂಗ್‌ನಲ್ಲಿ ಮುಂದಿನ, ಮೇಲಿನ, ಪಕ್ಕದ ನೋಟಗಳನ್ನು (ವ್ಯೂ) ಹಾಳೆಯ ಮೇಲೆ ಜೋಡಿಸಲು ಎರಡು ಪದ್ಧತಿಗಳಿವೆ: ಫಸ್ಟ್ ಆ್ಯಂಗಲ್, ಥರ್ಡ್ ಆ್ಯಂಗಲ್. ಹುಬ್ಬಳ್ಳಿಯ ಗೋಕುಲ ರಸ್ತೆಯ ವರ್ಕ್‌ಶಾಪಿಗೆ ಡ್ರಾಯಿಂಗ್ ಕೊಡುವುದಿದ್ದರೆ ಫಸ್ಟ್ ಆ್ಯಂಗಲ್ ಹಿಡಿಯಿರಿ. ಐಟಿಐ, ಡಿಪ್ಲೊಮಾ ಓದಿದವರ ಕಣ್ಣು ಅದಕ್ಕೇ ಪಳಗಿದೆ. ಭಾರತದ ಎಸ್‌ಪಿ 46 (ಎಂಜಿನಿಯರಿಂಗ್ ಡ್ರಾಯಿಂಗ್‌ನ ಮಾನಕ ಕೈಪಿಡಿ) ಹೇಳುವುದೂ ಅದನ್ನೇ. ಇದರಲ್ಲಿ ಟಾಪ್ ವ್ಯೂ ಫ್ರಂಟ್ ವ್ಯೂ ಕೆಳಗೆ ಬರುತ್ತದೆ, ಎಡದಿಂದ ನೋಡಿದ್ದು ಬಲಕ್ಕೆ. ಥರ್ಡ್ ಆ್ಯಂಗಲ್‌ನಲ್ಲಿ ಮೇಲಿನದು ಮೇಲೇ, ಎಡದ್ದು ಎಡಕ್ಕೇ. ಹೊಸಬರಿಗೆ ಓದಲು ಇದೇ ಸುಲಭ ಅನಿಸುತ್ತದೆ. ಅಮೆರಿಕದ ಕೆಲಸಕ್ಕೆ ಇದೇ ಬೇಕು.

ಕ್ಯಾಡ್‌ನಲ್ಲಿ (ಕಂಪ್ಯೂಟರ್‌ನಲ್ಲಿ ಡ್ರಾಯಿಂಗ್ ಮಾಡುವ ತಂತ್ರಾಂಶ) ವ್ಯೂಗಳು ತಾವೇ ಬಂದು ಕೂರುತ್ತವೆ, ಅಲ್ವಾ? ಅದಕ್ಕೇ ಟೆಂಪ್ಲೇಟ್ ಯಾವ ಆ್ಯಂಗಲ್‌ನದೆಂದು ಮೊದಲೇ ನೋಡಿ. ಟೈಟಲ್ ಬ್ಲಾಕ್‌ನಲ್ಲಿ (ಹಾಳೆಯ ಮೂಲೆಯ ವಿವರದ ಚೌಕ) ಯಾವ ಆ್ಯಂಗಲ್ ಎಂದು ತೋರಿಸುವ, ತುದಿ ಕತ್ತರಿಸಿದ ಶಂಕುವಿನ ಗುರುತು ಹಾಕಲೇಬೇಕು. ಒಮ್ಮೆ ನಾನು ಅದನ್ನೂ ಬಿಟ್ಟಿದ್ದೆ, ಹಿಡನ್ ಲೈನನ್ನೂ (ಮರೆಯಲ್ಲಿರುವ ಅಂಚನ್ನು ತೋರಿಸುವ ತುಂಡು ಗೆರೆ) ಬಿಟ್ಟಿದ್ದೆ. ವರ್ಕ್‌ಶಾಪಿನವರು ಆ್ಯಂಗಲ್ ತಪ್ಪಾಗಿ ಓದಿದರು. ಬ್ರ್ಯಾಕೆಟ್‌ನ ಎಡಮುಖದಲ್ಲಿ ಕೊರೆಯಬೇಕಿದ್ದ, ಆರಪಾರ ಹೋಗದ 8 ಮಿ.ಮೀ. ತೂತು ಬಲಮುಖಕ್ಕೆ ಬಿತ್ತು. ಪೀಸ್ ಸೀದಾ ಗುಜರಿಗೆ ಹೋಯಿತು.

ಅಳತೆಯಲ್ಲೂ ಎರಡು ದಾರಿ. ಸರಪಳಿಯಂತೆ ಒಂದರ ಹಿಂದೊಂದು ಕೊಟ್ಟರೆ, ಐದು ಅಳತೆಗೆ ತಲಾ ±0.1 ಮಿ.ಮೀ. ಹೆಚ್ಚುಕಡಿಮೆ ಆಗಬಹುದು ಅಂದರೂ ಕೊನೆಯ ತೂತು ±0.5ರವರೆಗೆ ಸರಿಯಬಹುದು. ಒಂದೇ ಅಂಚಿನಿಂದ ಕೊಟ್ಟರೆ ಪ್ರತಿ ತೂತೂ ±0.1ರಲ್ಲೇ ನಿಲ್ಲುತ್ತದೆ. ಹಾಳೆಯಲ್ಲಿ ಜಾಗ ಜಾಸ್ತಿ ಬೇಕು. ಆದರೂ ನಾನು ಇದನ್ನೇ ಆರಿಸುತ್ತೇನೆ.